ಪೊಮೆರೇನಿಯನ್

ಪೊಮೆರೇನಿಯನ್ ಎಂಬುದು ಸ್ಪಿಟ್ಜ್ ಕುಲಕ್ಕೆ ಸೇರಿದ, ಮಡಿಲಲ್ಲಿ ಕೂರಿಸಿಕೊಳ್ಳಬಹುದಾದಷ್ಟು ಪುಟ್ಟ ಸಾಕುನಾಯಿ ತಳಿ. ಚೂಪಾದ ಮೂತಿ, ನಿಮಿರಿ ನಿಂತ ಸಣ್ಣ ಕಿವಿ, ಬೆನ್ನ ಮೇಲೆ ಮಡಚಿಕೊಂಡ ಬಾಲ ಮತ್ತು ಎರಡು ಪದರಗಳ ದಟ್ಟ ಕೂದಲು ಸ್ಪಿಟ್ಜ್ ಕುಲದ ಗುರುತುಗಳು. ಸ್ಪಿಟ್ಜ್ ಎಂಬ ಜರ್ಮನ್ ಪದಕ್ಕೆ ಚೂಪು ಎಂದೇ ಅರ್ಥ. ತಳಿಯ ಹೆಸರು ಬಾಲ್ಟಿಕ್ ಸಮುದ್ರದ ದಕ್ಷಿಣ ದಂಡೆಯಲ್ಲಿದ್ದು ಇಂದು ಪೋಲೆಂಡ್ ಮತ್ತು ಜರ್ಮನಿಗಳ ನಡುವೆ ಹಂಚಿಹೋಗಿರುವ ಪೊಮೆರೇನಿಯಾ ಪ್ರಾಂತದಿಂದ ಬಂದಿದೆ. ಜರ್ಮನಿಯಲ್ಲಿ ಇದನ್ನು ಬೇರೆ ತಳಿಯೆಂದು ಎಣಿಸದೆ, ಜರ್ಮನ್ ಸ್ಪಿಟ್ಜ್‌ನ ಅತಿ ಚಿಕ್ಕ ಬಗೆಯೆಂದು ಪರಿಗಣಿಸುತ್ತಾರೆ.

ಇಂದು ಸಾಮಾನ್ಯವಾಗಿ ಒಂದೂವರೆಯಿಂದ ಮೂರು ಕಿಲೋ ತೂಗುವ ಈ ನಾಯಿಯ ಪೂರ್ವಜರು ಹೊಲಮನೆಗಳನ್ನೂ ಸರಕು ತುಂಬಿದ ಗಾಡಿಗಳನ್ನೂ ಕಾಯುತ್ತಿದ್ದ ಗಟ್ಟಿಮುಟ್ಟಾದ ನಾಯಿಗಳಾಗಿದ್ದವು ಎಂಬುದನ್ನು ಮರೆತರೆ ತಳಿಯ ಇತಿಹಾಸವಾಗಲಿ ಸ್ವಭಾವವಾಗಲಿ ಅರ್ಥವಾಗದು. ಇಂಗ್ಲೆಂಡಿನ ದೊರೆ ಮೂರನೆಯ ಜಾರ್ಜ್‌ನ ರಾಣಿ, ಜರ್ಮನಿಯಲ್ಲಿ ಹುಟ್ಟಿದ ಷಾರ್ಲೆಟ್, 1767ರಲ್ಲಿ ಫೀಬಿ ಮತ್ತು ಮರ್ಕ್ಯುರಿ ಎಂಬ ಎರಡು ನಾಯಿಗಳನ್ನು ತರಿಸಿಕೊಂಡಳು. ಆ ಕಾಲದ ಚಿತ್ರಕಾರ ಥಾಮಸ್ ಗೇನ್ಸ್‌ಬರೋ ಬಿಡಿಸಿದ ಪೊಮೆರೇನಿಯನ್‌ಗಳು ಮಡಿಲ ನಾಯಿಗಳಲ್ಲ, ನೆಲದ ಮೇಲೆ ನಿಂತು ಕಾವಲು ಕಾಯಬಲ್ಲ ಗಾತ್ರದವು. ಗಾತ್ರ ಕುಗ್ಗಿದ್ದು ಷಾರ್ಲೆಟ್‌ಳ ಮೊಮ್ಮಗಳು ವಿಕ್ಟೋರಿಯಾ ರಾಣಿಯ ಕಾಲದಲ್ಲಿ. 1888ರಲ್ಲಿ ಇಟಲಿಯ ಫ್ಲಾರೆನ್ಸ್‌ಗೆ ಹೋಗಿದ್ದ ಆಕೆ ಅಲ್ಲಿಂದ ತಂದ ಮಾರ್ಕೋ ಎಂಬ ನಾಯಿ ಸುಮಾರು ಐದೂವರೆ ಕಿಲೋ ತೂಗುತ್ತಿತ್ತು. ರಾಣಿಗೆ ಮೆಚ್ಚಾದ ಚಿಕ್ಕ ಗಾತ್ರವೇ ನಾಡಿಗೂ ಮೆಚ್ಚಾಯಿತು, ತಳಿಗಾರರು ಪ್ರತಿ ಸೂಲಿನ ಸಣ್ಣ ಮರಿಗಳನ್ನೇ ಆರಿಸಿ ವಂಶ ಬೆಳೆಸಿದರು. 1891ರಲ್ಲಿ ಇಂಗ್ಲೆಂಡಿನಲ್ಲಿ ಈ ತಳಿಯ ಸಂಘ ಹುಟ್ಟಿತು, 1900ರಲ್ಲಿ ಅಮೆರಿಕನ್ ಕೆನಲ್ ಕ್ಲಬ್ ಮಾನ್ಯತೆ ನೀಡಿತು. 1901ರ ಜನವರಿಯಲ್ಲಿ ರಾಣಿ ಕೊನೆಯುಸಿರೆಳೆಯುವಾಗ ಆಕೆಯ ಹಾಸಿಗೆಯ ಮೇಲಿದ್ದದ್ದು ಟೂರಿ ಎಂಬ ಪೊಮೆರೇನಿಯನ್. 1912ರ ಟೈಟಾನಿಕ್ ದುರಂತದಲ್ಲಿ ಬದುಕುಳಿದ ಮೂರು ನಾಯಿಗಳಲ್ಲಿ ಎರಡು ಇದೇ ತಳಿಯವು.

ಭಾರತದ ಮಟ್ಟಿಗೆ ಒಂದು ಸ್ಪಷ್ಟನೆ ಅಗತ್ಯ. ಕರ್ನಾಟಕದ ಊರುಕೇರಿಗಳಲ್ಲಿ ‘ಪಾಮೇರಿಯನ್’ ಎಂದು ಕರೆಸಿಕೊಳ್ಳುವ ಬಿಳಿಯ ನಾಯಿ ಬಹುಮಟ್ಟಿಗೆ ಇಂಡಿಯನ್ ಸ್ಪಿಟ್ಜ್. ಬ್ರಿಟಿಷರು ತಂದ ಜರ್ಮನ್ ಸ್ಪಿಟ್ಜ್‌ಗಳಿಂದ ಇಲ್ಲಿ ಬೆಳೆದುಬಂದ, ಮೈಕಟ್ಟಿನಲ್ಲಿ ದೊಡ್ಡದಾದ, ನಮ್ಮ ಸೆಕೆಗೆ ಒಗ್ಗಿಕೊಂಡ ತಳಿ. 1994ರ ಹಿಂದಿ ಚಿತ್ರ ‘ಹಮ್ ಆಪ್ಕೆ ಹೈ ಕೌನ್’ನ ಟಫಿ ಎಂಬ ನಾಯಿ ಈ ಬಗೆಯದೇ.

ಪೊಮೆರೇನಿಯನ್‌ನ ದೇಹ ಕುಗ್ಗಿದರೂ ಕಾವಲುಗಾರನ ಬುದ್ಧಿ ಕುಗ್ಗಲಿಲ್ಲ. ಗೇಟಿನ ಸದ್ದಿಗೆ, ಮೆಟ್ಟಿಲ ಮೇಲಿನ ಹೆಜ್ಜೆಗೆ ಥಟ್ಟನೆ ಕಿವಿ ನಿಮಿರಿಸಿ ಬೊಗಳುವುದು, ತನಗಿಂತ ಹತ್ತು ಪಟ್ಟು ದೊಡ್ಡ ನಾಯಿಯ ಎದುರು ನಿಲ್ಲುವುದು ಇದರ ಜಾಯಮಾನ. ಆದ್ದರಿಂದ ಮರಿಯಾಗಿದ್ದಾಗಲೇ ಹೊಸಬರನ್ನೂ ಬೇರೆ ನಾಯಿಗಳನ್ನೂ ಪರಿಚಯಿಸಿ, ಹೇಳಿದಾಗ ಸುಮ್ಮನಾಗುವುದನ್ನು ಕಲಿಸಬೇಕು. ಬುದ್ಧಿ ಚುರುಕಾದ್ದರಿಂದ ಬೇಗ ಕಲಿಯುತ್ತದೆ. ಎಳೆಯ ಮಕ್ಕಳ ಕೈಗೆ ಮಾತ್ರ ಕೊಡಬಾರದು, ಜಾರಿ ಬಿದ್ದರೆ ಇದರ ಸಣ್ಣ ಮೂಳೆಗಳು ಮುರಿಯುತ್ತವೆ.

ಹನ್ನೆರಡರಿಂದ ಹದಿನಾರು ವರ್ಷ ಬಾಳುವ ಈ ನಾಯಿಗೆ ಮಂಡಿಚಿಪ್ಪು ಜಾರುವುದು, ಹಲ್ಲುಗಳು ಬೇಗ ಉದುರುವುದು, ಶ್ವಾಸನಾಳದ ಉಂಗುರಗಳು ಸಡಿಲಗೊಂಡು ಕುಸಿಯುವುದು ಸಾಮಾನ್ಯ ತೊಂದರೆಗಳು. ಕೊನೆಯದರ ಸೂಚನೆ ಹೆಬ್ಬಾತು ಕೂಗಿದಂತಹ ಒಣಕೆಮ್ಮು. ಕೊರಳ ಪಟ್ಟಿಗೆ ಹಗ್ಗ ಕಟ್ಟಿ ಜಗ್ಗಿದರೆ ಅದು ಉಲ್ಬಣಿಸುವುದರಿಂದ ಎದೆಯನ್ನು ಬಳಸಿ ಕಟ್ಟುವ ಪಟ್ಟಿಯೇ ಕ್ಷೇಮ. ತೀರ ಚಿಕ್ಕ ಮರಿಗಳಿಗೆ ಊಟದ ಹೊತ್ತು ಮೀರಿದರೆ ರಕ್ತದ ಸಕ್ಕರೆ ಇಳಿದು ತಲೆಸುತ್ತು ಬರುತ್ತದೆ, ಹಾಗಾಗಿ ದಿನಕ್ಕೆ ಮೂರು ನಾಲ್ಕು ಸಲ ಸ್ವಲ್ಪ ಸ್ವಲ್ಪವೇ ಉಣಿಸಬೇಕು.

ಕೂದಲನ್ನು ವಾರಕ್ಕೆರಡು ಬಾರಿಯಾದರೂ, ಮೇಲಿನ ಒರಟು ಎಳೆಗಳನ್ನು ಬೈತಲೆಯಂತೆ ಸೀಳಿ ಕೆಳಗಿನ ಮೆತ್ತನೆಯ ಪದರದ ಬುಡದವರೆಗೂ ಬಾಚಬೇಕು. ಕಿವಿಯ ಹಿಂಭಾಗದಲ್ಲೂ ಕಾಲ ಸಂದಿಯಲ್ಲೂ ಗಂಟು ಮೊದಲು ಕಟ್ಟುತ್ತದೆ. ಬೇಸಿಗೆಯಲ್ಲಿ ಮರುಕದಿಂದ ಕೆಲವರು ಮೈಯನ್ನು ಪೂರ್ತಿ ಬೋಳಿಸುತ್ತಾರೆ, ಅದು ತಪ್ಪು. ಆ ಎರಡು ಪದರಗಳು ಚರ್ಮವನ್ನು ಬಿಸಿಲಿನಿಂದಲೂ ಕಾಯುತ್ತವೆ. ನಾಯಿಯನ್ನು ಮಧ್ಯಾಹ್ನ ನೆರಳಲ್ಲಿರಿಸಿ ತಣ್ಣೀರು ಇಟ್ಟರೆ ಸಾಕು. ಒಮ್ಮೆ ಬುಡಮಟ್ಟ ಕತ್ತರಿಸಿದ ಕೂದಲು ಹಲವು ನಾಯಿಗಳಲ್ಲಿ ಮೊದಲಿನಂತೆ ಮತ್ತೆ ಬೆಳೆಯುವುದಿಲ್ಲ.