ಲಾಗ್‌ಬುಕ್ಕು, ಅಂಕಪಟ್ಟಿ

ವಡಾಲ ರೋಡ್ ಸ್ಟೇಷನ್ನಿನಲ್ಲಿ ಹಾರ್ಬರ್ ಲೈನ್ ಎರಡಾಗಿ ಕವಲೊಡೆಯುತ್ತದೆ. ಒಂದು ಕವಲು ಕುರ್ಲಾ, ವಾಶಿ ದಾಟಿ ಪನ್ವೇಲಿಗೆ ಹೋದರೆ, ಇನ್ನೊಂದು ಮಾಹಿಮ್, ಬಾಂದ್ರಾ ಮಾರ್ಗವಾಗಿ ಅಂಧೇರಿ, ಗೋರೆಗಾಂವ್ ಕಡೆ ತಿರುಗುತ್ತದೆ. ಈ ಎರಡನೆಯ ಲೋಕಲ್ ಹತ್ತಿ ವಿಲೇಪಾರ್ಲೆಯಲ್ಲಿ ಇಳಿದು ಸಮುದ್ರದ ದಿಕ್ಕಿಗೆ ಹೊರಟರೆ ಜುಹು ವಿಮಾನ ನಿಲ್ದಾಣ ಸಿಗುತ್ತದೆ. ಭಾರತದ ನಾಗರಿಕ ವಿಮಾನಯಾನ ಕಣ್ಣುಬಿಟ್ಟದ್ದು ಅಲ್ಲೇ. ಲೋಕಲ್ ಹತ್ತದೆ ವಡಾಲದಿಂದ ಮಾಟುಂಗಾದತ್ತ ನಡೆದುಕೊಂಡೇ ಹೋದರೆ ವಿಜೆಟಿಐ, ಖಾಲ್ಸಾ, ರುಯಿಯಾ, ಪೋದಾರ್ ಎಂದು ಕಾಲೇಜುಗಳ ಸಾಲೇ ಎದುರಾಗುತ್ತದೆ.

ಪೈಲಟ್ ಆಗುವ ಆಸೆ ಹೊತ್ತ ಮಕ್ಕಳಿರುವ ಇಲ್ಲಿನ ಮನೆಗಳಲ್ಲಿ ಹನ್ನೆರಡನೇ ತರಗತಿಯ ಫಲಿತಾಂಶ ಬಂದ ದಿನ ಏಳುವ ಮಾತು ಇದೇ. ನೇರವಾಗಿ ಹಾರಾಟದ ಶಾಲೆಗೆ ಸೇರುವುದೋ, ಮೊದಲು ಕಾಲೇಜಿಗೆ ಹೋಗಿ ಒಂದು ಡಿಗ್ರಿ ಮುಗಿಸುವುದೋ? ಇದು ಈ ಕಾಲದ ಪ್ರಶ್ನೆಯಂತೆ ಕಂಡರೂ ಇದಕ್ಕೆ ಹೆಚ್ಚುಕಡಿಮೆ ನೂರು ವರ್ಷ ವಯಸ್ಸಾಗಿದೆ.

ವಡಾಲ, ಮಾಟುಂಗಾ, ಸಯನ್ ಸುತ್ತಿನ ಕನ್ನಡಿಗರಿಗೆ ಡಿಗ್ರಿಯ ಮೇಲಿರುವ ನಂಬಿಕೆಗೆ ಬಲವಾದ ಕಾರಣವಿದೆ. ದಕ್ಷಿಣ ಕನ್ನಡದಿಂದ ಮುಂಬಯಿಗೆ ಬಂದ ಹುಡುಗರು ಹಗಲು ಹೋಟೆಲಿನಲ್ಲಿ ಲೋಟ ತೊಳೆದು, ಟೇಬಲ್ ಒರೆಸಿ, ಸಂಜೆ ಕನ್ನಡ ರಾತ್ರಿಶಾಲೆಯ ಬೆಂಚಿನಲ್ಲಿ ಕೂರುತ್ತಿದ್ದರು. 1902ರಲ್ಲಿ ಹುಟ್ಟಿದ ಮೊಗವೀರ ವ್ಯವಸ್ಥಾಪಕ ಮಂಡಳಿಯಂಥ ಸಂಸ್ಥೆಗಳು ಇಂಥ ಶಾಲೆಗಳನ್ನು ನಡೆಸಿದವು. ವಡಾಲದಲ್ಲಿ ನ್ಯಾಷನಲ್ ಕನ್ನಡ ಎಜುಕೇಷನ್ ಸೊಸೈಟಿಯ ಶಾಲೆ ತಲೆಯೆತ್ತಿತು. ರಾತ್ರಿಶಾಲೆಯಲ್ಲಿ ಮೆಟ್ರಿಕ್ ಮುಗಿಸಿ, ಬೆಳಗಿನ ಕಾಲೇಜಿನಲ್ಲಿ ಬಿ.ಕಾಂ. ಮಾಡಿ ಬ್ಯಾಂಕು, ವಿಮಾ ಕಚೇರಿ ಸೇರಿದವರ ಮಕ್ಕಳು ಮೊಮ್ಮಕ್ಕಳು ಇವತ್ತು ಆಕಾಶದತ್ತ ನೋಡುತ್ತಿದ್ದಾರೆ. ಅಂಕಪಟ್ಟಿಯೊಂದೇ ಏಣಿಯಾಗಿದ್ದ ಮನೆಯಲ್ಲಿ ಹಿರಿಯರು ‘ಮೊದಲು ಒಂದು ಡಿಗ್ರಿ ಆಗಲಿ’ ಎನ್ನುವುದು ಅನುಭವದ ಮಾತು.

ಆದರೆ ಜುಹುವಿನ ಕಥೆ ಬೇರೆಯೇ ಹೇಳುತ್ತದೆ.

ಬಾಂಬೆ ಫ್ಲೈಯಿಂಗ್ ಕ್ಲಬ್ ಶುರುವಾದದ್ದು 1928ರಲ್ಲಿ, ಜುಹುವಿನ ವಿಮಾನ ನಿಲ್ದಾಣದ ಹುಟ್ಟಿನ ಜೊತೆಗೇ. ಮರುವರ್ಷ, 1929ರ ಫೆಬ್ರವರಿ 10ರಂದು, ಅಲ್ಲಿ ಹಾರಲು ಕಲಿತ 24ರ ತರುಣನೊಬ್ಬನಿಗೆ ಏರೋ ಕ್ಲಬ್ ಆಫ್ ಇಂಡಿಯಾ ಅಂಡ್ ಬರ್ಮಾ ಲೈಸೆನ್ಸ್ ಕೊಟ್ಟಿತು. ಅದರ ಮೇಲಿದ್ದ ಸಂಖ್ಯೆ 1. ಆ ತರುಣ ಜೆ.ಆರ್.ಡಿ. ಟಾಟಾ. ಕೇಂಬ್ರಿಜ್‌ನಲ್ಲಿ ಎಂಜಿನಿಯರಿಂಗ್ ಓದುವ ಆಸೆ ಅವರಿಗಿತ್ತು. ತಂದೆ ಕರೆದರೆಂದು 1925ರಲ್ಲಿ ಮುಂಬಯಿಗೆ ಬಂದರು, ಮರುವರ್ಷ ತಂದೆ ತೀರಿಕೊಂಡರು, ಕೇಂಬ್ರಿಜ್ ಕನಸಾಗಿಯೇ ಉಳಿಯಿತು. ಡಿಗ್ರಿ ಇಲ್ಲದ ಕೊರಗು ಅವರನ್ನು ಬಹುಕಾಲ ಬಿಡಲಿಲ್ಲ. ಹೀಗೆ, ಈ ದೇಶ ಕೊಟ್ಟ ಮೊದಲ ಪೈಲಟ್ ಲೈಸೆನ್ಸ್ ಸೇರಿದ್ದು ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತದವರ ಕೈಗೆ.

ಆ ಕಾಲದ ಕ್ಲಬ್ಬುಗಳ ಪಾಠ ಹೇಗಿತ್ತು? ಡಿ ಹ್ಯಾವಿಲೆಂಡ್ ಕಂಪನಿಯ ಮಾತ್ ವಿಮಾನ ಮರದ ಚೌಕಟ್ಟಿಗೆ ಬಟ್ಟೆ ಬಿಗಿದ ಎರಡು ಸೀಟಿನ ಯಂತ್ರ. ಮೇಲೆ ಮುಚ್ಚಳವಿಲ್ಲ. ಒಬ್ಬರ ಹಿಂದೆ ಒಬ್ಬರು ಕೂರಬೇಕು. ರೇಡಿಯೊ ಇಲ್ಲದ್ದರಿಂದ ಗುರುವಿನ ಮಾತು ಶಿಷ್ಯನ ಕಿವಿಗೆ ಮುಟ್ಟುತ್ತಿದ್ದದ್ದು ರಬ್ಬರ್ ಕೊಳವೆಯ ಮೂಲಕ. ಎಂಜಿನ್ ಚಾಲೂ ಮಾಡಲು ಗುಂಡಿ ಇರಲಿಲ್ಲ. ಚಕ್ರಗಳಿಗೆ ಮರದ ತುಂಡು ಒಡ್ಡಿ, ಮುಂದೆ ನಿಂತವನು ಪ್ರೊಪೆಲರಿನ ಅಲಗನ್ನು ಕೈಯಿಂದ ಬೀಸಿ ತಿರುಗಿಸಬೇಕು. ಎಂಜಿನ್ ಹತ್ತಿಕೊಂಡ ಕ್ಷಣ ಕೈ ಹಿಂದಕ್ಕೆ ಬಂದಿರಬೇಕು, ತಡವಾದರೆ ಕೈಯೇ ಹೋದೀತು. ಪಠ್ಯಪುಸ್ತಕಕ್ಕಿಂತ ಕೈ, ಕಣ್ಣು, ಕಿವಿಯ ವಿದ್ಯೆ ಅದು. ಇಷ್ಟು ಹೊತ್ತು ಗುರುವಿನ ಜೊತೆ, ಇಷ್ಟು ಹೊತ್ತು ಒಬ್ಬನೇ ಎಂದು ಪ್ರತಿ ಹಾರಾಟವೂ ಲಾಗ್‌ಬುಕ್ಕಿನಲ್ಲಿ ಒಂದು ಸಾಲಾಗಿ ದಾಖಲಾಗುತ್ತಿತ್ತು. ಪುಟ ತುಂಬಿದಾಗ ಮೊತ್ತ ಕೂಡಿಸಿ ಮುಂದಿನ ಪುಟದ ತಲೆಗೆ ಬರೆಯುವ ರೂಢಿ ಇವತ್ತಿಗೂ ಇದೆ. ವಿಶ್ವವಿದ್ಯಾಲಯ ವರ್ಷಗಳನ್ನು ಎಣಿಸಿದರೆ ಹಾರಾಟ ಗಂಟೆಗಳನ್ನು ಎಣಿಸುತ್ತದೆ. ಎರಡು ದಾರಿಗಳ ನಡುವಿನ ಅಂತರವೆಲ್ಲ ಈ ಲೆಕ್ಕದಲ್ಲೇ ಇದೆ.

1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಕರಾಚಿಯಿಂದ ಪುಸ್ ಮಾತ್ ವಿಮಾನದಲ್ಲಿ ಟಪಾಲು ಹೊತ್ತು, ಅಹಮದಾಬಾದಿನಲ್ಲಿ ಇಂಧನ ತುಂಬಿಸಿಕೊಂಡು ಜುಹುವಿನಲ್ಲಿ ಇಳಿದರು. ಅಲ್ಲಿಂದ ಮುಂದಕ್ಕೆ ಟಪಾಲು ಒಯ್ದವರು ನೆವಿಲ್ ವಿನ್ಸೆಂಟ್. ಅವರು ಬಳ್ಳಾರಿಯಲ್ಲಿ ಇಳಿದು ಮದ್ರಾಸು ತಲುಪಿದರು. ಟಾಟಾ ಸಂಸ್ಥೆಗೆ ವಿಮಾನ ಕಂಪನಿಯ ಯೋಜನೆ ತಂದುಕೊಟ್ಟ ಈ ವಿನ್ಸೆಂಟ್ ಬ್ರಿಟನ್ನಿನ ವಾಯುಪಡೆಯಲ್ಲಿ ಪಳಗಿದವರು. ಒಬ್ಬರದು ಕ್ಲಬ್ಬಿನ ಗರಡಿ, ಇನ್ನೊಬ್ಬರದು ಸೈನ್ಯದ ಗರಡಿ. ದೇಶದ ವಿಮಾನ ಕಂಪನಿಗಳಿಗೆ ಮುಂದೆ ದಶಕಗಳ ಕಾಲ ಪೈಲಟ್‌ಗಳು ಬಂದದ್ದು ಮುಖ್ಯವಾಗಿ ಈ ಎರಡು ಬಾಗಿಲುಗಳಿಂದಲೇ.

ಹಾಗಾದರೆ ವಿಶ್ವವಿದ್ಯಾಲಯಗಳಿಗೂ ಆಕಾಶಕ್ಕೂ ನಂಟೇ ಇರಲಿಲ್ಲವೇ? ಇತ್ತು, ಆದರೆ ಅದು ಬೇರೆ ಕೆಲಸದ ನಂಟು. ಮುಂಬಯಿಯ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸಂಸ್ಥಾನದ ಜೊತೆಗೂಡಿ 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಕಟ್ಟಿದರು. ಅದರ ಬೆನ್ನಿಗೇ, 1942ರಲ್ಲಿ, ಅಲ್ಲಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವೈಮಾನಿಕ ಎಂಜಿನಿಯರಿಂಗ್ ವಿಭಾಗ ತೆರೆಯಿತು. ಜರ್ಮನಿಯ ಗಟಿಂಗನ್‌ನಲ್ಲಿ ಲುಡ್ವಿಗ್ ಪ್ರಾಂಟಲ್ ಅವರ ಬಳಿ ಡಾಕ್ಟರೇಟ್ ಮಾಡಿ ಬಂದ ವಿ.ಎಂ. ಘಾಟಗೆ ಎಚ್‌ಟಿ-2 ತರಬೇತಿ ವಿಮಾನದ ವಿನ್ಯಾಸ ಮಾಡಿದರು. ಅದು 1951ರಲ್ಲಿ ಮೊದಲ ಬಾರಿಗೆ ಹಾರಿತು. 1958ರಲ್ಲಿ ಬೆಂಗಳೂರಿನಿಂದಲೇ ಪುಷ್ಪಕ್ ಎಂಬ ಎರಡು ಸೀಟಿನ ಪುಟ್ಟ ವಿಮಾನ ಬಂತು. ದೇಶದ ಫ್ಲೈಯಿಂಗ್ ಕ್ಲಬ್ಬುಗಳಿಗೆಂದೇ ಹುಟ್ಟಿದ ಯಂತ್ರ ಅದು. ವಿಮಾನ ಕಟ್ಟುವವರನ್ನು ಬೆಳೆಸಿದ್ದು ವಿಶ್ವವಿದ್ಯಾಲಯ, ಹಾರಿಸುವವರನ್ನು ಬೆಳೆಸಿದ್ದು ಕ್ಲಬ್ಬು. ಇಂದಿಗೂ ಎಷ್ಟೋ ಮನೆಗಳಲ್ಲಿ ವೈಮಾನಿಕ ಎಂಜಿನಿಯರಿಂಗ್ ಓದಿದರೆ ಪೈಲಟ್ ಆಗಬಹುದೆಂಬ ತಪ್ಪು ತಿಳಿವಳಿಕೆ ಉಳಿದಿದೆ. ನಾಲ್ಕು ವರ್ಷದ ಆ ಪದವಿಯಿಂದ ಲಾಗ್‌ಬುಕ್ಕಿಗೆ ಒಂದು ಗಂಟೆಯೂ ಸೇರುವುದಿಲ್ಲ.

ಕಾಲೇಜಿನಲ್ಲಿ ಓದುತ್ತಲೇ ಹಾರುವ ಒಂದು ದಾರಿಯನ್ನು ಸ್ವತಂತ್ರ ಭಾರತ ತೆರೆಯಿತು. 1950ರ ಏಪ್ರಿಲ್ 1ರಂದು ಎನ್‌ಸಿಸಿಯ ವಾಯು ವಿಭಾಗ ಆರಂಭವಾದಾಗ ಮೊದಲ ಎರಡು ದಳಗಳಲ್ಲಿ ಒಂದು ಕಲ್ಕತ್ತೆಗೆ, ಇನ್ನೊಂದು ಮುಂಬಯಿಗೆ ಬಂತು. ಅದಕ್ಕೆ ಎರಡು ವರ್ಷ ಮೊದಲು ಅಲಹಾಬಾದಿನ ಬಮ್ರೌಲಿಯಲ್ಲಿ ಸರ್ಕಾರದ ನಾಗರಿಕ ವಿಮಾನಯಾನ ತರಬೇತಿ ಕೇಂದ್ರ ಶುರುವಾಗಿತ್ತು. ಬೆಂಗಳೂರಿನ ಜಕ್ಕೂರಿನಲ್ಲಿ ಜಯಚಾಮರಾಜೇಂದ್ರ ಒಡೆಯರ ಆಸ್ಥೆಯಿಂದ ಹಾರಾಟದ ಶಾಲೆ ನೆಲೆಯೂರಿತು. 1985ರಲ್ಲಿ ಉತ್ತರ ಪ್ರದೇಶದ ಫುರ್ಸತ್‌ಗಂಜ್‌ನಲ್ಲಿ ಇಂದಿರಾ ಗಾಂಧಿ ರಾಷ್ಟ್ರೀಯ ಉಡಾನ್ ಅಕಾಡೆಮಿ ಸ್ಥಾಪನೆಯಾಯಿತು. ಕ್ಲಬ್ಬಿನ ಹವ್ಯಾಸದಿಂದ ಅಕಾಡೆಮಿಯ ಶಿಸ್ತಿಗೆ ಪೈಲಟ್ ತರಬೇತಿ ಹೊರಳಿದ್ದು ಹೀಗೆ.

ಅಷ್ಟರಲ್ಲಿ ಜುಹು ಇಕ್ಕಟ್ಟಾಗುತ್ತ ಬಂದಿತ್ತು. ಸಾಂತಾಕ್ರೂಜ್‌ನ ದೊಡ್ಡ ವಿಮಾನ ನಿಲ್ದಾಣ ಪಕ್ಕದಲ್ಲೇ ಇದೆ. ಎಷ್ಟು ಪಕ್ಕದಲ್ಲಿ ಎಂದರೆ, 1953ರ ಜುಲೈ 15ರಂದು ಬ್ರಿಟಿಷ್ ಕಂಪನಿಯೊಂದರ ಕಾಮೆಟ್ ಜೆಟ್ ಸಾಂತಾಕ್ರೂಜ್ ಎಂದುಕೊಂಡು ಜುಹುವಿನ ಪುಟ್ಟ ರನ್‌ವೇಯಲ್ಲಿ ಇಳಿದುಬಿಟ್ಟಿತ್ತು. ಅದನ್ನು ಅಲ್ಲಿಂದ ಮತ್ತೆ ಮೇಲೆಬ್ಬಿಸಲು ಒಂಬತ್ತು ದಿನ ಬೇಕಾಯಿತು. 1972ರಲ್ಲಿ ಜಪಾನಿನ ಕಂಪನಿಯೊಂದರ ಡಿಸಿ-8 ವಿಮಾನವೂ ಅದೇ ತಪ್ಪು ಮಾಡಿ ರನ್‌ವೇ ದಾಟಿ ನುಗ್ಗಿತು. ಜೆಟ್‌ಗಳು ತಲೆಯ ಮೇಲೆ ಸಾಲುಗಟ್ಟುವ ಕಡೆ ಕಲಿಯುವ ಹುಡುಗರಿಗೆ ಆಕಾಶ ಎಲ್ಲಿ ಉಳಿದೀತು? ಬಾಂಬೆ ಫ್ಲೈಯಿಂಗ್ ಕ್ಲಬ್ಬಿನ ಪಾಠದ ಕೊಠಡಿಗಳು ಜುಹುವಿನಲ್ಲೇ ಉಳಿದವು, ಹಾರಾಟದ ತರಬೇತಿ ಧುಳೆಗೆ ಹೋಯಿತು. ಈಗ ಜುಹುವಿನಿಂದ ಹೆಚ್ಚಾಗಿ ಏಳುವುದು ಸಮುದ್ರದ ತೈಲಬಾವಿಗಳಿಗೆ ಜನರನ್ನು ಒಯ್ಯುವ ಹೆಲಿಕಾಪ್ಟರುಗಳು.

ಇದೇ ಕ್ಲಬ್ಬು ಮುಂದೆ ಕಾಲೇಜನ್ನೂ ತೆರೆದು, ಮುಂಬಯಿ ವಿಶ್ವವಿದ್ಯಾಲಯದ ಮಾನ್ಯತೆಯೊಂದಿಗೆ ಬಿ.ಎಸ್ಸಿ. ಏವಿಯೇಷನ್ ಪದವಿ ಶುರುಮಾಡಿತು. ಅಂಕಪಟ್ಟಿಯನ್ನೂ ಲಾಗ್‌ಬುಕ್ಕನ್ನೂ ಒಂದೇ ಕೈಚೀಲಕ್ಕೆ ಹಾಕುವ ಪ್ರಯತ್ನವಿದು. ಅಮೆರಿಕದಲ್ಲೂ ಇಂಥದೇ ನಡೆದಿತ್ತು. 1925ರಲ್ಲಿ ಸಿನ್ಸಿನಾಟಿಯಲ್ಲಿ ವಿಮಾನದ ಕಂಪನಿಯಾಗಿ ಹುಟ್ಟಿದ ಎಂಬ್ರಿ-ರಿಡಲ್ 1970ರಲ್ಲಿ ವಿಶ್ವವಿದ್ಯಾಲಯವಾಯಿತು. ಅಲ್ಲಿನ ದೊಡ್ಡ ವಿಮಾನ ಕಂಪನಿಗಳು ನಾಲ್ಕು ವರ್ಷದ ಡಿಗ್ರಿ ಕೇಳುತ್ತಿದ್ದದ್ದೂ ಇದಕ್ಕೆ ಇಂಬಾಯಿತು. ಆದರೆ 2022ರಲ್ಲಿ ಡೆಲ್ಟಾ ಏರ್‌ಲೈನ್ಸ್ ಆ ಷರತ್ತನ್ನು ಕೈಬಿಟ್ಟಿತು.

ಭಾರತದಲ್ಲಿ ಕಮರ್ಷಿಯಲ್ ಪೈಲಟ್ ಲೈಸೆನ್ಸಿಗೆ ಡಿಗ್ರಿಯ ಷರತ್ತಿಲ್ಲ. ಒಂದು ಕಾಲದಲ್ಲಿ ಹತ್ತನೇ ತರಗತಿ ಸಾಕಿತ್ತು. 1990ರ ದಶಕದ ನಡುವಿನಿಂದ ಹನ್ನೆರಡನೇ ತರಗತಿಯಲ್ಲಿ ಭೌತಶಾಸ್ತ್ರ, ಗಣಿತ ಕಡ್ಡಾಯವಾದವು. ವಯಸ್ಸು 18 ತುಂಬಿರಬೇಕು, ಕ್ಲಾಸ್ 1 ವೈದ್ಯಕೀಯ ಪರೀಕ್ಷೆ ದಾಟಬೇಕು, ನ್ಯಾವಿಗೇಷನ್, ಹವಾಮಾನ, ವಾಯುನಿಯಮ, ತಾಂತ್ರಿಕ ವಿಷಯಗಳ ಪತ್ರಿಕೆಗಳಲ್ಲಿ ತೇರ್ಗಡೆಯಾಗಬೇಕು. ಹಿಂದೆ 250 ಇದ್ದ ಹಾರಾಟದ ಗಂಟೆ ಈಗ 200. ಅದರಲ್ಲಿ 100 ಗಂಟೆ ವಿಮಾನದ ಹೊಣೆ ತಾನೇ ಹೊತ್ತು ಹಾರಿರಬೇಕು. 300 ನಾಟಿಕಲ್ ಮೈಲಿಯ ಒಂದು ದೂರದ ಹಾರಾಟ, ರಾತ್ರಿಯ ಹಾರಾಟ ಎಲ್ಲವೂ ಲೆಕ್ಕಕ್ಕೆ ಬರಬೇಕು. ಬಿ.ಎಸ್ಸಿ. ಏವಿಯೇಷನ್ ಪದವಿ ಪಡೆದವರೂ ಈ ಗಂಟೆಗಳನ್ನು ಪೂರೈಸದೆ ಕಾಕ್‌ಪಿಟ್ಟಿಗೆ ಕಾಲಿಡುವಂತಿಲ್ಲ. ಎಷ್ಟೋ ಕಡೆ ಕಾಲೇಜಿನ ಶುಲ್ಕ ಬೇರೆ, ಹಾರಾಟದ ಶುಲ್ಕ ಬೇರೆ. ಸೇರುವ ಮೊದಲೇ ಕೇಳಿ ತಿಳಿಯಬೇಕಾದ ಸಂಗತಿ ಇದು.

ಹಾಗೆಂದು ಹಿರಿಯರ ಮಾತು ಸೋಲುವುದಿಲ್ಲ. ಹಾರಾಟದ ಕಲಿಕೆಗೆ ಇವತ್ತು ಅರ್ಧ ಕೋಟಿ ರೂಪಾಯಿಯ ಆಸುಪಾಸು ಖರ್ಚಿದೆ. ಹೊಟ್ಟೆಬಟ್ಟೆ ಕಟ್ಟಿ ಕೊಂಡ ಮನೆಯನ್ನು ಅಡವಿಟ್ಟು ಸಾಲ ತೆಗೆಯುವ ಕುಟುಂಬಗಳಿವೆ. ಕಂಪನಿಗಳ ಬಾಳಿಕೆಯನ್ನು ನೋಡಿದರೆ ಎದೆ ಝಲ್ಲೆನ್ನುತ್ತದೆ. 2003ರಲ್ಲಿ ಕ್ಯಾಪ್ಟನ್ ಗೋಪಿನಾಥ್ ಅವರ ಏರ್ ಡೆಕ್ಕನ್ ಹಾರಿದಾಗ, 2005ರಲ್ಲಿ ಕಿಂಗ್‌ಫಿಶರ್ ಬಂದಾಗ ಎಲ್ಲೆಲ್ಲೂ ಪೈಲಟ್‌ಗಳಿಗೆ ಬೇಡಿಕೆ. 2012ರಲ್ಲಿ ಕಿಂಗ್‌ಫಿಶರ್ ನಿಂತಿತು, 2019ರ ಏಪ್ರಿಲಿನಲ್ಲಿ ಮುಂಬಯಿಯ ಜೆಟ್ ಏರ್‌ವೇಸ್ ನಿಂತಿತು, ಮರುವರ್ಷ ಕೊರೊನಾ ಆಕಾಶವನ್ನೇ ಖಾಲಿ ಮಾಡಿತು. ಕಂಪನಿಗಳು ಉಳಿದರೂ ಕಣ್ಣು, ಹೃದಯ, ಕಿವಿಯಲ್ಲಿ ದೋಷ ಕಂಡರೆ ವೈದ್ಯಕೀಯ ಪ್ರಮಾಣಪತ್ರ ಹೋಗಬಹುದು, ಅದರ ಹಿಂದೆಯೇ ಕೆಲಸವೂ ಹೋಗಬಹುದು. ಅಂಥ ದಿನ ಕೈ ಹಿಡಿಯುವುದು ಅಂಕಪಟ್ಟಿ. ಅದಕ್ಕೇ ಹಲವರು ದೂರಶಿಕ್ಷಣದಲ್ಲಿ ಹೆಸರು ನೋಂದಾಯಿಸಿ ಹಾರಾಟದ ಬಿಡುವಿನಲ್ಲಿ ಬಿ.ಕಾಂ. ಅಥವಾ ಬಿ.ಎಸ್ಸಿ. ಓದುತ್ತಾರೆ. ಹಗಲು ದುಡಿತ, ರಾತ್ರಿ ಓದು ಎಂಬ ಹಳೆಯ ಮುಂಬಯಿ ಪದ್ಧತಿಯೇ ಇದು. ದುಡಿತದ ಜಾಗದಲ್ಲಿ ಈಗ ಹಾರಾಟ ಬಂದಿದೆ.

ಎಲ್ಲಕ್ಕೂ ಮೊದಲು ಮಾಡಬೇಕಾದ ಕೆಲಸವನ್ನು ಮಾತ್ರ ಅನೇಕರು ಕೊನೆಗೆ ಇಟ್ಟುಕೊಳ್ಳುತ್ತಾರೆ. ಯಾವ ಸಂಸ್ಥೆಗೂ ಒಂದು ರೂಪಾಯಿ ಕಟ್ಟುವ ಮುನ್ನ ವೈದ್ಯಕೀಯ ಪರೀಕ್ಷೆ ಮುಗಿದಿರಬೇಕು. ದುಡ್ಡು ಕಟ್ಟಿದ ಮೇಲೆ ಬಣ್ಣ ಗುರುತಿಸುವ ಪರೀಕ್ಷೆಯಲ್ಲಿ ಮಗ ಸೋತನೆಂದರೆ ಆ ಮನೆಯ ಪಾಡು ಏನು?

2021ರಲ್ಲಿ ವಿಮಾನ ನಿಲ್ದಾಣ ಪ್ರಾಧಿಕಾರ ಹೊಸ ಹಾರಾಟ ಶಾಲೆಗಳಿಗೆ ಜಾಗ ಕೊಟ್ಟ ಊರುಗಳಲ್ಲಿ ಬೆಳಗಾವಿ, ಕಲಬುರಗಿ ಎರಡೂ ಇದ್ದವು. ಬೆಳಗಾವಿಯ ಸಾಂಬ್ರಾದ್ದು ಎರಡನೇ ಮಹಾಯುದ್ಧದ ಕಾಲದ ನೆಲ. ಕಲಬುರಗಿಯದು 2019ರ ನವೆಂಬರಿನಲ್ಲಿ ತೆರೆದ ಹೊಸ ನಿಲ್ದಾಣ. ಸಂಚಾರ ಕಡಿಮೆ, ವರ್ಷದ ಬಹುಭಾಗ ತಿಳಿಯಾದ ಆಕಾಶ, ಉದ್ದನೆಯ ರನ್‌ವೇ. ಕಲಿಯುವವರಿಗೆ ಬೇಕಾದದ್ದೂ ಅದೇ. ಅಜ್ಜ ಕೆಲಸ ಹುಡುಕಿ ಕರ್ನಾಟಕದಿಂದ ಮುಂಬಯಿಗೆ ಬಂದ ಮನೆಯಿಂದ ಮೊಮ್ಮಗಳು ಹಾರಲು ಕಲಿಯಲೆಂದು ಕರ್ನಾಟಕಕ್ಕೆ ಹೊರಡುವ ಕಾಲ ಬಂದಿದೆ. ಬೆಳಿಗ್ಗೆ ದಾದರಿನಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದರೆ ಪುಣೆ, ಸೊಲ್ಲಾಪುರ ದಾಟಿ ರಾತ್ರಿಯೊಳಗೆ ಕಲಬುರಗಿ. ಚೀಲದಲ್ಲಿ ಹನ್ನೆರಡನೇ ತರಗತಿಯ ಅಂಕಪಟ್ಟಿ, ವೈದ್ಯಕೀಯ ಪ್ರಮಾಣಪತ್ರ, ಇನ್ನೂ ಒಂದು ಸಾಲೂ ಬರೆಯದ ಲಾಗ್‌ಬುಕ್ಕು.