ರಾಟವಾಳ

ರಾಟವಾಳ: ಎಸ್ಟ್ರಿಲ್ಡಿಡೀ ಕುಟುಂಬದ, ಕಾಳು ತಿನ್ನುವ ಪುಟ್ಟ ಹಕ್ಕಿಗಳ ಗುಂಪು, ಮುನಿಯ ಎಂದೂ ಹೆಸರು. ಸುಮಾರು 140 ಪ್ರಭೇದಗಳ ಈ ಕುಟುಂಬ ಆಫ್ರಿಕ, ದಕ್ಷಿಣ ಏಷ್ಯ ಮತ್ತು ಆಸ್ಟ್ರೇಲಿಯಗಳ ಉಷ್ಣ ಪ್ರದೇಶಗಳಲ್ಲಿ ಹರಡಿದೆ. ಗಾತ್ರ ಸಾಮಾನ್ಯವಾಗಿ 10-12 ಸೆಂ.ಮೀ.; ಗುಬ್ಬಚ್ಚಿಗಿಂತ ಚಿಕ್ಕದು. ಕೊಕ್ಕು ದಪ್ಪ, ಶಂಕುವಿನಾಕಾರ, ಹುಲ್ಲಿನ ಬೀಜ ಸುಲಿಯಲು ತಕ್ಕದ್ದು.

ಬಿಳಿಗಂಟಲಿನ ರಾಟವಾಳ ದಖನ್ನಿನ ಒಣಭೂಮಿಯ ಹಕ್ಕಿ. ಮುಳ್ಳುಕುರುಚಲು, ಜೋಳದ ಹೊಲ ಅದರ ನೆಲೆ. ಎದೆಯಲ್ಲಿ ಹುರುಪೆಯಂಥ ಗುರುತುಳ್ಳ ಚುಕ್ಕೆ ರಾಟವಾಳ ಬೇಸಾಯದ ನೆಲಕ್ಕೂ ತೋಟಕ್ಕೂ ಹೊಂದಿಕೊಂಡಿದೆ. ಕೆಂಪು ರಾಟವಾಳಕ್ಕೆ ನೀರಿನಂಚಿನ ಎತ್ತರದ ಹುಲ್ಲು, ಜೊಂಡು, ಕಬ್ಬು ಬೇಕು. ಮರಿ ಮಾಡುವ ಕಾಲದಲ್ಲಿ ಗಂಡು ಕಡುಗೆಂಪಾಗಿ ಬಿಳಿ ಚುಕ್ಕೆಗಳಿಂದ ಶೋಭಿಸುತ್ತದೆ, ಗುಂಪಿನಲ್ಲೇ ಅತಿ ಸುಂದರ. ಕಪ್ಪುಗಂಟಲಿನದು ಪಶ್ಚಿಮಘಟ್ಟದ್ದು.

ಒಣಭೂಮಿಯ ಹಕ್ಕಿಗೂ ಕಬ್ಬಿನ ಹಕ್ಕಿಗೂ ನೆಲೆ ಒಂದೆಡೆ ಸಿಗುವುದಕ್ಕೆ ಬಾಗಲಕೋಟೆ ಜಿಲ್ಲೆಯ ಜಮಖಂಡಿ ಸೀಮೆ ಉದಾಹರಣೆ; ಅಲ್ಲಿ ಒಣಹೊಲವೂ ನೀರಾವರಿಯೂ ಅಕ್ಕಪಕ್ಕದಲ್ಲಿವೆ. ಚಿಕ್ಕಪಡಸಲಗಿಯ ಬಳಿ ರೈತರೇ 1989ರಲ್ಲಿ ಕೃಷ್ಣಾ ನದಿಗೆ ಕಟ್ಟಿದ ಬ್ಯಾರೇಜು ಕಬ್ಬಿನ ಬೇಸಾಯಕ್ಕೆ ನೀರೊದಗಿಸಿತು. ಇಂಥ ಕಡೆ ಹೊಲದ ಬದುವಿನ ಹುಲ್ಲನ್ನು ಪೂರ್ತಿ ಸುಡದೆ ಉಳಿಸುವುದು ಈ ಹಕ್ಕಿಗಳಿಗೆ ಮುಖ್ಯ.

ಗೂಡು ಹುಲ್ಲಿನ ಚೆಂಡು, ಬಾಗಿಲು ಪಕ್ಕದಲ್ಲಿ. ಮೊಟ್ಟೆ ಬಿಳಿ, ಸಾಮಾನ್ಯವಾಗಿ 4-6. ಬಿಳಿಗಂಟಲಿನದು ಗೀಜಗ ಬಿಟ್ಟುಹೋದ ಗೂಡಿನಲ್ಲೂ ನೆಲೆಸುತ್ತದೆ. ಕಾಳುಪೈರಿಗೆ ಕೆಲವೊಮ್ಮೆ ಹಾನಿಯಾದರೂ ಕಳೆಹುಲ್ಲಿನ ಬೀಜವೇ ಇವುಗಳ ಮುಖ್ಯ ಆಹಾರ.

ಪಂಜರಕ್ಕಾಗಿ, ವಿಶೇಷವಾಗಿ ಕೆಂಪು ರಾಟವಾಳವನ್ನು, ಬಹುಕಾಲ ಹಿಡಿದು ಮಾರಲಾಗುತ್ತಿತ್ತು. ವನ್ಯಜೀವಿ ಸಂರಕ್ಷಣಾ ಕಾಯಿದೆ, 1972ರಂತೆ ಭಾರತದ ಕಾಡುಹಕ್ಕಿಗಳನ್ನು ಹಿಡಿಯುವುದೂ ಮಾರುವುದೂ ಅಪರಾಧ.