‘ಇದು ಯಾವ ಜಿಲ್ಲಾ?’: ಮರೆವಿನ ಅಳತೆಪಟ್ಟಿಗಳು ಮತ್ತು ಜತ್ತದ ಒಂದು ಮನೆ

ಸಾಹಿತ್ಯದ ವಿದ್ಯಾರ್ಥಿ ದವಾಖಾನೆಯ ವಿಷಯ ಯಾಕೆ ತಂದ ಅಂತ ನೀವು ಕೇಳಬಹುದು. ಪ್ರಶ್ನಾವಳಿಯೂ ಒಂದು ಪಠ್ಯವೇ. ಯಾರು, ಯಾವ ಭಾಷೆಯಲ್ಲಿ, ಯಾರಿಗೆ ಓದಿ ಹೇಳತಾರ ಅನ್ನುವುದರ ಮೇಲೆ ಅದರ ಅರ್ಥ ಬದಲಾಗತದ.

ನಮ್ಮೂರು ಸಾಂಗ್ಲಿ ಜಿಲ್ಲೆಯ ಜತ್ತ ತಾಲೂಕಿನ ಪೂರ್ವ ಭಾಗದ್ದು. ಮನೆಮಾತು ಕನ್ನಡ, ಕಚೇರಿಯ ಮಾತು ಮರಾಠಿ. 2019ರಲ್ಲಿ, ಎಂಬತ್ತು ದಾಟಿದ ನಮ್ಮ ಆಯಿಯನ್ನು ಮರೆವು ಹೆಚ್ಚಾಯಿತೆಂದು ತೋರಿಸಲು ಕರೆದೊಯ್ದೆವು. ಮರಾಠಿಯಲ್ಲಿ ಬಂದ ಪ್ರಶ್ನೆಯನ್ನು ಕಾಕಾ ತಿರುಗಿಸಿ ಕೇಳಿದರು: “ಯವ್ವಾ, ಇದು ಯಾವ ಜಿಲ್ಲಾ?” ಆಯಿ ಅಂದಳು, “ಜತ್ತ ಸಂಸ್ಥಾನ.” ಸೊನ್ನೆ ಬಿತ್ತು.

ಆಯಿ ಹುಟ್ಟಿದಾಗ ಇದ್ದದ್ದು ಡಫಳೆ ಮನೆತನದ ಜತ್ತ ಸಂಸ್ಥಾನವೇ. ಅದು 1948ರಲ್ಲಿ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. 1949ರಲ್ಲಿ ದಕ್ಷಿಣ ಸಾತಾರಾ ಜಿಲ್ಲೆಯಾಯಿತು, 1960ರಲ್ಲಿ ಆ ಜಿಲ್ಲೆಗೇ ಸಾಂಗ್ಲಿ ಎಂಬ ಹೆಸರು ಬಂತು. ಅದೇ ವರ್ಷ ರಾಜ್ಯವೂ ಮಹಾರಾಷ್ಟ್ರವಾಯಿತು. 1967ರ ಮಹಾಜನ ವರದಿ ಇಲ್ಲಿಯ ಕೆಲವು ಹಳ್ಳಿಗಳನ್ನು ಮೈಸೂರು ರಾಜ್ಯಕ್ಕೆ ಕೊಡಬೇಕೆಂದಿತು, ಕೊಡಲಿಲ್ಲ. ಆಯಿ ಮಾತ್ರ ಊರು ಬಿಟ್ಟು ಕದಲಿದವಳಲ್ಲ.

ಈಗ ಪಟ್ಟಿಗಳ ಕಡೆ ಬರೋಣ. ಅಮೆರಿಕದ ಸಿಡ್ನಿ ಕಾಟ್ಜ್ ಮತ್ತು ಸಂಗಡಿಗರು 1963ರಲ್ಲಿ ಆರು ಕೆಲಸಗಳನ್ನು ಹೆಸರಿಸಿದರು: ಸ್ನಾನ, ಬಟ್ಟೆ, ಶೌಚ, ಎದ್ದು ಕೂಡುವುದು, ಮಲಮೂತ್ರದ ಹತೋಟಿ, ಊಟ. ಇವು ಎಲ್ಲ ಊರಿನವೂ ಹೌದು. 1969ರ ಲಾಟನ್-ಬ್ರೋಡಿ ಪಟ್ಟಿ ಹಾಗಲ್ಲ. ಫೋನು, ಪೇಟೆ, ಅಡಿಗೆ, ಮನೆಗೆಲಸ, ಬಟ್ಟೆ ಒಗೆಯುವುದು, ಪ್ರಯಾಣ, ಔಷಧಿ, ಹಣ. ಗಂಡಸರಿಗೆ ಆಗ ಅಡಿಗೆ, ಮನೆಗೆಲಸ, ಬಟ್ಟೆ ಬಿಟ್ಟು ಐದನ್ನೇ ಎಣಿಸುತ್ತಿದ್ದರಂತ! ನಮ್ಮ ಆಯಿ ಹಿಟ್ಟು ನಾದಿ ಕೊಟ್ಟರೆ ಚಂದ ರೊಟ್ಟಿ ಬಡೀತಿದ್ದಳು, ಆದರೆ ಒಲೆ ಹಚ್ಚಿದ್ದು ಮರೀತಿದ್ದಳು. ‘ಅಡಿಗೆ ಮಾಡುತ್ತಾರೆಯೇ’ ಅಂದರೆ ಏನು ಹೇಳಬೇಕು? ಕಾಕು “ನಾವ ಮಾಡಗೊಡೂದಿಲ್ರಿ” ಅಂದರು. ಕೂಡುಕುಟುಂಬದಲ್ಲಿ ಸೊಸೆಯ ಕೆಲಸ ಅತ್ತೆಯ ಕುಂದನ್ನು ಮುಚ್ಚತದ.

ಈ ತೊಡಕನ್ನು ಹರಿಯಾಣದ ಬಲ್ಲಭಗಢದಲ್ಲಿ ಕೆಲಸ ಮಾಡಿದವರು ಕಂಡಿದ್ದರು. ಓದುಬರಹ ಬಾರದವರಿಗೆಂದು 1995ರಲ್ಲಿ ಪ್ರಕಟಿಸಿದ ಹಿಂದಿ ಪರೀಕ್ಷೆಯಲ್ಲಿ, ನಿಮ್ಮ ಹಳ್ಳಿ ಯಾವ ಅಂಚೆ ಕಚೇರಿಗೆ ಬರುತ್ತದೆ ಎಂದೂ ಕೇಳಿದರು. 1999ರ ಅವರ ದಿನಚರಿಯ ಪಟ್ಟಿ ಮನೆಯವರನ್ನು ಕೇಳುವಂಥದ್ದು: ಉಂಡದ್ದು ಮರೆತು ಮತ್ತೆ ಊಟ ಕೇಳುತ್ತಾರೆಯೇ? ಊರೊಳಗೆ ದಾರಿ ತಪ್ಪುತ್ತಾರೆಯೇ? ಹಬ್ಬಗಳು ನೆನಪಿವೆಯೇ? ಮದುವೆಯಂಥ ಮನೆಯ ವಿಷಯದಲ್ಲಿ ಅಭಿಪ್ರಾಯ ಹೇಳುತ್ತಾರೆಯೇ?

ಇನ್ನೊಂದು ತಪ್ಪು ನಮ್ಮದೇ, ಅದು ಕನ್ನಡದ್ದು. ಎರಡು ವರ್ಷ ನಾವು “ಅರಳುಮರಳು” ಅಂದುಕೊಂಡು ಸುಮ್ಮನಿದ್ದೆವು. ಬೇಂದ್ರೆಯವರು ಅರವತ್ತರ ಆಸುಪಾಸಿನಲ್ಲಿ ಅದೇ ಹೆಸರಿನ ಸಂಕಲನ ತಂದು 1958ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದರು. ಎಷ್ಟು ಮುದ್ದಾದ ಪದ! ಆ ಮುದ್ದಿನಲ್ಲೇ ರೋಗ ಕಾಣದೆ ಹೋಯಿತು.

ಈ ಪ್ರಬಂಧಕ್ಕಾಗಿ ಓದುವಾಗ ಬಲ್ಲಭಗಢದ ಪ್ರಶ್ನೆಗಳನ್ನು ನಮ್ಮ ಕನ್ನಡಕ್ಕೆ ತಂದು ಮನೆಯಲ್ಲಿ ಕೇಳಿದೆ. ನಮ್ಮೂರು ಯಾವ ಪೋಸ್ಟಿಗೆ ಬರತದ ಅಂದಾಗಲೂ ಆಯಿ “ಜತ್ತ ಸಂಸ್ಥಾನ” ಅಂದಳು. ದವಾಖಾನೆಯ ಸೊನ್ನೆ ಸುಳ್ಳಿರಲಿಲ್ಲ. ಸುಳ್ಳಾಗಲಿ ಅಂತ ನನಗೆ ಆಸೆ ಇತ್ತು. ಆಮೇಲೆ ಕಾಕು ಕಡೆ ತಿರುಗಿ ಮದುವೆಯ ಪ್ರಶ್ನೆ ಕೇಳಿದೆ. ಅಕ್ಕನ ಲಗ್ನದಾಗ ಆಯಿ ಏನರೆ ಅಂದಿದ್ದಳೇನು?

ಕಾಕು ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದರು: “ನಾವ್ಯಾರೂ ಕೇಳೇ ಇಲ್ಲಲ್ಲೋ.”